ಹಿಮ್ಮಡಿ ಹಿಂದಿನ ಟೆಂಡನ್ ನೋವು: ಗುರುತಿಸುವುದು ಹೇಗೆ, ಮನೆಯಲ್ಲೇ ಪಳಗಿಸುವುದು ಹೇಗೆ

ಬೆಳಿಗ್ಗೆ ಎದ್ದ ಕೂಡಲೇ ಇಡುವ ಮೊದಲ ಕೆಲವು ಹೆಜ್ಜೆಗಳಲ್ಲಿ ಹಿಮ್ಮಡಿಯ ಹಿಂಭಾಗ ಬಿಗಿದುಕೊಂಡಿರುತ್ತದೆ. ಕುಂಟುತ್ತಾ ಬಚ್ಚಲಿಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಸಡಿಲಾಗುತ್ತದೆ. ಆಮೇಲೆ ದಿನವಿಡೀ ಓಡಾಡಿದರೂ ಅಷ್ಟೇನೂ ಗೊತ್ತಾಗುವುದಿಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೆರಡು ತಿಂಗಳು ಕಳೆದ ಮೇಲೆ ಮೆಟ್ಟಿಲು ಹತ್ತುವಾಗ ನೋವು, ಓಡುವಾಗ ನೋವು, ಕೊನೆಗೆ ಅಂಗಡಿಗೆ ಹೋಗಿ ಬರುವಾಗಲೂ ನೋವು. ಆಗ ಶುರುವಾಗುತ್ತದೆ ಎಣ್ಣೆ, ಮುಲಾಮು, ಬಿಸಿನೀರು, ಕ್ರೇಪ್ ಬ್ಯಾಂಡೇಜು.

ಕಾರವಾರದ ಟಾಗೋರ್ ಕಡಲತೀರದಲ್ಲಿ ಸೇನಾ ಭರ್ತಿಗೆಂದು 1.6 ಕಿ.ಮೀ. ಓಟ ಅಭ್ಯಾಸ ಮಾಡುವ ಹುಡುಗರು, ಬೈತಖೋಲ ಬಂದರಿನಿಂದ ಮೀನಿನ ಬುಟ್ಟಿ ಹೊತ್ತು ನಡೆಯುವ ಹೆಂಗಸರು, ಶಿರಸಿ ಸಿದ್ದಾಪುರದ ತೋಟಗಳಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರು, ರಾತ್ರಿಯಿಡೀ ಕುಣಿಯುವ ಯಕ್ಷಗಾನದ ವೇಷಧಾರಿಗಳು, ಇಡೀ ದಿನ ನಿಂತು ಪಾಠ ಮಾಡುವ ಟೀಚರುಗಳು, ಎಲ್ಲರಿಗೂ ಈ ನೋವು ಬರುತ್ತದೆ. ಎಲ್ಲರಿಗೂ ಸಿಗುವ ಸಲಹೆಯೂ ಒಂದೇ: ಚೆನ್ನಾಗಿ ತಿಕ್ಕಿಸಿಕೋ, ರೆಸ್ಟ್ ಮಾಡು. ಫಿಸಿಯೋಥೆರಪಿ ಕೆಲಸದಲ್ಲಿರುವ ನನಗೆ ಈ ಸಲಹೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಈ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ, ತಿಕ್ಕಿದರೆ ವಾಸಿಯಾಗುವುದಿಲ್ಲ. ಪೂರ್ತಿ ಸುಮ್ಮನಿಟ್ಟರೂ ವಾಸಿಯಾಗುವುದಿಲ್ಲ. ಅದಕ್ಕೆ ಅಳತೆ ಮಾಡಿದ ಭಾರ ಬೇಕು, ನಿಧಾನವಾಗಿ, ತಪ್ಪದೆ, ತಿಂಗಳುಗಟ್ಟಲೆ. ಅದನ್ನು ಮನೆಯಲ್ಲೇ, ಖರ್ಚಿಲ್ಲದೆ ಮಾಡಬಹುದು.

ಎಲ್ಲಕ್ಕಿಂತ ಮೊದಲು: ಇದು ಆಸ್ಪತ್ರೆಗೆ ಹೋಗುವ ನೋವೇ?

ವ್ಯಾಯಾಮದ ಭಾಗಕ್ಕೆ ಹಾರುವ ಮುಂಚೆ ಇದನ್ನು ಓದಿ. ಕೆಲವು ನೋವುಗಳಿಗೆ ಮನೆಯಲ್ಲಿ ಕಾಯುವಂತಿಲ್ಲ.

ಟೆಂಡನ್ ಹರಿದಿದ್ದರೆ ನೋವು ದಿಢೀರನೆ ಬಂದಿರುತ್ತದೆ. ಹಿಂದಿನಿಂದ ಯಾರೋ ಒದ್ದ ಹಾಗೆ ಅನಿಸುತ್ತದೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಕೆಲವರಿಗೆ 'ಟಪ್' ಎಂಬ ಸದ್ದೂ ಕೇಳಿಸಿರುತ್ತದೆ. ಆಮೇಲೆ ಆ ಕಾಲಿನ ತುದಿಯ ಮೇಲೆ ನಿಲ್ಲಲು ಆಗುವುದಿಲ್ಲ. ಇಲ್ಲಿ ಒಂದು ಮೋಸ ಇದೆ. ಟೆಂಡನ್ ಪೂರ್ತಿ ಹರಿದರೂ ಮನುಷ್ಯ ಹೇಗೋ ನಡೆಯಬಲ್ಲ, ಪಾದವನ್ನು ಸ್ವಲ್ಪ ಕೆಳಕ್ಕೆ ಒತ್ತಬಲ್ಲ, ಯಾಕೆಂದರೆ ಬೇರೆ ಸಣ್ಣ ಸ್ನಾಯುಗಳು ಆ ಕೆಲಸಕ್ಕೆ ಕೈಜೋಡಿಸುತ್ತವೆ. ನಡೆಯಲು ಬರುತ್ತದಲ್ಲ, ಉಳುಕಿರಬೇಕು ಎಂದು ಮನೆಯಲ್ಲೇ ವಾರಗಟ್ಟಲೆ ಕಳೆಯುವವರು ಇದ್ದಾರೆ.

ಪರೀಕ್ಷೆ ಸುಲಭ. ಮಂಚದ ಮೇಲೆ ಬೋರಲಾಗಿ ಮಲಗಿ. ಎರಡೂ ಪಾದ ಮಂಚದ ಅಂಚಿನಿಂದ ಹೊರಗೆ ಇಳಿಬಿದ್ದಿರಲಿ. ಕಾಲು ಪೂರ್ತಿ ಸಡಿಲ ಬಿಡಿ. ಮನೆಯವರು ಯಾರಾದರೂ ಮೊದಲು ಚೆನ್ನಾಗಿರುವ ಕಾಲಿನ ಮೀನಖಂಡವನ್ನು, ಅದು ಅತಿ ದಪ್ಪ ಇರುವಲ್ಲಿ, ಅಂಗೈ ತುಂಬಾ ಹಿಡಿದು ಹಿಂಡಲಿ. ಹಿಂಡಿದಾಗ ಪಾದದ ತುದಿ ತಾನಾಗಿ ಚಾಚಿಕೊಳ್ಳುತ್ತದೆ, ಬಿಟ್ಟಾಗ ಮರಳುತ್ತದೆ. ಈಗ ನೋವಿನ ಕಾಲಿಗೂ ಹಾಗೇ ಮಾಡಲಿ. ಪಾದ ಅಲ್ಲಾಡದೆ ಸುಮ್ಮನೆ ಜೋತಾಡಿಕೊಂಡಿದ್ದರೆ ಟೆಂಡನ್ ಹರಿದಿದೆ ಎಂದೇ ತಿಳಿಯಿರಿ. ಅದೇ ದಿನ ಮೂಳೆ ವೈದ್ಯರಿರುವ ಆಸ್ಪತ್ರೆಗೆ ಹೋಗಿ. ಎಲ್ಲರಿಗೂ ಆಪರೇಷನ್ನೇ ಬೇಕೆಂದಿಲ್ಲ. ಪಾದವನ್ನು ಕೆಳಮುಖವಾಗಿಟ್ಟು ಪಟ್ಟಿ ಅಥವಾ ಬೂಟು ಹಾಕಿಯೂ ಅನೇಕರಿಗೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ಬೇಗ ಶುರುವಾಗಬೇಕು.

ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಟೆಂಡನ್ ತೊಂದರೆ ಅಲ್ಲದಿರಬಹುದು. ಇತ್ತೀಚೆಗೆ ಆಪರೇಷನ್, ಹೆರಿಗೆ, ಬಹಳ ದಿನ ಹಾಸಿಗೆ ಹಿಡಿದಿದ್ದು ಅಥವಾ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ ಬಂದಿದ್ದು ಇದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಅಂಥ ಕಾಲನ್ನು ತಿಕ್ಕಲೇಬಾರದು. ಜೊತೆಗೆ ಉಸಿರು ಕಟ್ಟಿದ ಹಾಗಾದರೆ 108ಕ್ಕೆ ಫೋನ್ ಮಾಡಿ. ಜ್ವರದ ಜೊತೆ ಹಿಮ್ಮಡಿ ಕೆಂಪಾಗಿ ಊದಿದ್ದರೂ ವೈದ್ಯರ ಹತ್ತಿರ ಹೋಗಬೇಕು.

8ರಿಂದ 14 ವರ್ಷದ ಮಕ್ಕಳಿಗೆ ಆಟ ಆಡಿದ ಮೇಲೆ ಹಿಮ್ಮಡಿ ನೋಯುವುದು ಬೇರೆಯದೇ ಸಂಗತಿ. ಅದು ಬೆಳೆಯುತ್ತಿರುವ ಮೂಳೆಯ ನೋವು. ಈ ಬರಹದ ವ್ಯಾಯಾಮ ಅವರಿಗಲ್ಲ.

ಬೆರಳಿಟ್ಟು ಜಾಗ ಹುಡುಕಿ

ಮುಂದಿನ ಎಲ್ಲವೂ ಈ ಹಂತದ ಮೇಲೆ ನಿಂತಿದೆ. ಐದು ನಿಮಿಷ ತೆಗೆದುಕೊಂಡು ಸರಿಯಾಗಿ ಮಾಡಿ.

ಕುರ್ಚಿಯಲ್ಲಿ ಕೂತು ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಮ್ಮಡಿಯ ಹಿಂದಿರುವ ಗಟ್ಟಿ ಹುರಿಯನ್ನು ಎರಡೂ ಬದಿಯಿಂದ ಹಿಡಿಯಿರಿ. ಮೂಳೆಗೆ ಅಂಟಿಕೊಂಡ ಜಾಗದಿಂದ ಶುರು ಮಾಡಿ ಮೆಲ್ಲಗೆ ಚಿವುಟುತ್ತಾ ಮೇಲಕ್ಕೆ ಬನ್ನಿ. ಎಲ್ಲಿ "ಅಯ್ಯೋ, ಇದೇ" ಅನಿಸುತ್ತದೆಯೋ ಅಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿ. ಇನ್ನೊಂದು ಕಾಲಿನ ಟೆಂಡನ್ನನ್ನೂ ಹಾಗೇ ಹಿಡಿದು ನೋಡಿ. ನೋವಿರುವ ಕಡೆ ಅದು ದಪ್ಪಗಾಗಿ, ಗಂಟು ಕಟ್ಟಿದ ಹಾಗಿರುವುದು ಸಾಮಾನ್ಯ.

ಗುರುತು ಮೂಳೆಯಿಂದ ಸುಮಾರು 2ರಿಂದ 6 ಸೆಂ.ಮೀ. ಮೇಲಿದ್ದರೆ, ಅಂದರೆ ಎರಡು ಮೂರು ಬೆರಳು ಮೇಲಕ್ಕೆ, ಅದು ಟೆಂಡನ್‌ನ ನಡುಭಾಗದ ನೋವು. ಹೆಚ್ಚಿನವರಿಗೆ ಇದೇ. ಗುರುತು ಹಿಮ್ಮಡಿ ಮೂಳೆಯ ಮೇಲೆಯೇ, ಶೂ ಉಜ್ಜುವ ಜಾಗದಲ್ಲಿ ಇದ್ದರೆ ಅದು ಬುಡದ ನೋವು. ಅಲ್ಲೊಂದು ಮೂಳೆಯ ಉಬ್ಬೂ ಕಾಣಬಹುದು. ಈ ಎರಡಕ್ಕೂ ವ್ಯಾಯಾಮದಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಇಂಟರ್ನೆಟ್ಟಿನಲ್ಲಿ ನೋಡಿ ವ್ಯಾಯಾಮ ಮಾಡಿ ನೋವು ಹೆಚ್ಚಿಸಿಕೊಂಡವರಲ್ಲಿ ಬುಡದ ನೋವಿನವರೇ ಜಾಸ್ತಿ.

ನೋವು ಹಿಮ್ಮಡಿಯ ಹಿಂದೆ ಅಲ್ಲದೆ ಕೆಳಗೆ, ಅಂಗಾಲಿನ ಕಡೆ ಇದ್ದರೆ? ಅದೂ ಬೆಳಗಿನ ಮೊದಲ ಹೆಜ್ಜೆಗೇ ನೋಯುತ್ತದೆ, ಹಾಗಾಗಿ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅದು ಅಂಗಾಲಿನ ಪೊರೆಯ ತೊಂದರೆ, ಅದರ ದಾರಿ ಬೇರೆ.

ಒಳಗೆ ಆಗಿರುವುದೇನು

ಮೀನಖಂಡದ ಎರಡು ಸ್ನಾಯುಗಳು ಕೆಳಗೆ ಬರುತ್ತಾ ಒಂದಾಗಿ, ಸುಮಾರು 15 ಸೆಂ.ಮೀ. ಉದ್ದದ ಅಕಿಲಿಸ್ ಟೆಂಡನ್ ಆಗಿ ಹಿಮ್ಮಡಿ ಮೂಳೆಗೆ ಸೇರುತ್ತವೆ. ದೇಹದಲ್ಲಿ ಇಷ್ಟು ದಪ್ಪದ, ಇಷ್ಟು ಗಟ್ಟಿಯ ಟೆಂಡನ್ ಇನ್ನೊಂದಿಲ್ಲ. ಓಡುವಾಗ ಇದರ ಮೇಲೆ ದೇಹದ ತೂಕದ 6ರಿಂದ 8 ಪಟ್ಟು ಎಳೆತ ಬೀಳುತ್ತದೆ. 60 ಕೆ.ಜಿ. ಮನುಷ್ಯ ಓಡಿದರೆ ಒಂದೊಂದು ಹೆಜ್ಜೆಗೂ ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್ ಭಾರ.

ಮೀನುದೋಣಿ ಕಟ್ಟುವ ಹಗ್ಗವನ್ನು ಹತ್ತಿರದಿಂದ ನೋಡಿದ್ದೀರಲ್ಲ, ಎಳೆ ಎಳೆ ಸೇರಿ ಹುರಿಯಾಗಿರುತ್ತದೆ. ಟೆಂಡನ್ ಕೂಡ ಹಾಗೇ, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒತ್ತೊತ್ತಾಗಿ ಒಂದೇ ದಿಕ್ಕಿಗೆ ಸಾಲಾಗಿರುತ್ತವೆ. ಅದು ರಿಪೇರಿಯಾಗುವ ವೇಗಕ್ಕಿಂತ ಹೆಚ್ಚು ಭಾರ ಬಿದ್ದಾಗ ಎಳೆಗಳ ಸಾಲು ಕೆಡುತ್ತದೆ, ನಡುವೆ ನೀರಿನಂಶ ಸೇರಿ ದಪ್ಪವಾಗುತ್ತದೆ. ಇದನ್ನು ಹಿಂದೆ ಬರೀ ಉರಿಯೂತ ಎಂದು ತಿಳಿದಿದ್ದರು. ಅದಕ್ಕೇ ಉರಿಯೂತದ ಮಾತ್ರೆ, ಇಂಜೆಕ್ಷನ್ ಕೊಡುತ್ತಿದ್ದರು. ಈಗಿನ ತಿಳಿವಳಿಕೆ ಬದಲಾಗಿದೆ. ಮಾತ್ರೆ ನೋವನ್ನು ನಾಲ್ಕು ದಿನ ಮರೆಸುತ್ತದೆ, ಎಳೆಗಳನ್ನು ಗಟ್ಟಿ ಮಾಡುವುದಿಲ್ಲ. ಟೆಂಡನ್‌ಗೆ ರಕ್ತದ ಓಡಾಟ ಸ್ನಾಯುವಿಗಿಂತ ಕಡಿಮೆ, ಹಾಗಾಗಿ ಎಲ್ಲವೂ ನಿಧಾನ. ವಾರಗಳ ಲೆಕ್ಕ ಬಿಟ್ಟು ತಿಂಗಳುಗಳ ಲೆಕ್ಕ ಹಾಕಿಕೊಳ್ಳಿ. ಮೂರು ತಿಂಗಳಲ್ಲಿ ಒಳ್ಳೆಯ ಸುಧಾರಣೆ, ಆರು ತಿಂಗಳಿಂದ ಒಂದು ವರ್ಷದಲ್ಲಿ ಪೂರ್ತಿ ವಿಶ್ವಾಸ.

ನಿಮಗೇ ಯಾಕೆ ಬಂತು?

ಬಹುತೇಕ ಉತ್ತರ ಒಂದೇ: ಭಾರ ಇದ್ದಕ್ಕಿದ್ದಂತೆ ಹೆಚ್ಚಾಯಿತು. ನಮ್ಮ ಜಿಲ್ಲೆಯ ಬದುಕು ಋತುವಿನ ಮೇಲೆ ನಡೆಯುತ್ತದೆ, ಅದು ಈ ಟೆಂಡನ್‌ಗೆ ಒಗ್ಗುವುದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆಗಸ್ಟ್ ಬಂದ ಕೂಡಲೇ ಬಂದರಿನಲ್ಲಿ ಮೊದಲ ದಿನದಿಂದಲೇ ಪೂರ್ತಿ ಕೆಲಸ. ಮೇಳದವರು ಮಳೆಗಾಲ ಕಳೆದು ತಿರುಗಾಟ ಶುರುವಾದೊಡನೆ ರಾತ್ರಿ ಮೇಲೆ ರಾತ್ರಿ ಕುಣಿಯುತ್ತಾರೆ. ಶಿರಸಿಯಲ್ಲಿ ಹೋಳಿ ಹತ್ತಿರ ಬಂದಾಗ ಬೇಡರ ವೇಷದ ಹುಡುಗರು ಆ ಭಾರದ ವೇಷ ಕಟ್ಟಿಕೊಂಡು ಟಾರು ರಸ್ತೆಯ ಮೇಲೆ ಜಿಗಿಯುತ್ತಾರೆ. ಭರ್ತಿ ಪ್ರಕಟಣೆ ಬಂದ ದಿನದಿಂದ ಹುಡುಗರು ದಿನಾ ಓಡತೊಡಗುತ್ತಾರೆ. ಸ್ನಾಯು ಎರಡು ಮೂರು ವಾರದಲ್ಲಿ ಬಲ ತಂದುಕೊಳ್ಳುತ್ತದೆ, ಟೆಂಡನ್ ಅಷ್ಟರಲ್ಲಿ ಸಿದ್ಧವಾಗಿರುವುದಿಲ್ಲ.

ಕಡಲತೀರದ ಮರಳಿನ ಬಗ್ಗೆ ಒಂದು ಮಾತು. ಮೆತ್ತಗಿದೆ, ಕಾಲಿಗೆ ಒಳ್ಳೆಯದು ಎಂದು ಎಲ್ಲರೂ ನಂಬುತ್ತಾರೆ. ಮಂಡಿಗೆ ಇರಬಹುದು. ಈ ಟೆಂಡನ್‌ಗೆ ಅಲ್ಲ. ಒಣ ಮರಳಿನಲ್ಲಿ ಹಿಮ್ಮಡಿ ಪ್ರತಿ ಹೆಜ್ಜೆಗೂ ಹೂತುಹೋಗಿ ಟೆಂಡನ್ ಜಾಸ್ತಿ ಎಳೆಯುತ್ತದೆ. ನೀರಿನ ಅಂಚಿನ ಗಟ್ಟಿ ಮರಳು ಇಳಿಜಾರು, ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲಿಗೆ ಹೆಚ್ಚು ತಿರುಚು. ನೋವಿರುವಾಗ ಸಮತಟ್ಟಾದ ರಸ್ತೆ ಅಥವಾ ಶಾಲೆಯ ಮೈದಾನವೇ ಮೇಲು.

ಅಡಿಕೆ ಮರ ಹತ್ತುವವರ ಸಂಗತಿ ಬೇರೆ. ಮರಕ್ಕೆ ಪಾದ ಒತ್ತಿ ಮೇಲೇರುವಾಗ ಪಾದದ ತುದಿ ಮೊಣಕಾಲಿನ ಕಡೆಗೆ ಪೂರ್ತಿ ಬಾಗಿರುತ್ತದೆ. ಆಗ ಟೆಂಡನ್‌ನ ಬುಡ ಹಿಮ್ಮಡಿ ಮೂಳೆಗೆ ಒತ್ತಿ ಹಿಡಿದ ಹಾಗಾಗುತ್ತದೆ. ಬುಡದ ನೋವಿಗೆ ಇದು ಸರಿಯಾದ ಕಾರಣ.

ಭಾರದಲ್ಲಿ ಏನೂ ಬದಲಾವಣೆ ಇಲ್ಲದೆ ನೋವು ಬಂದಿದ್ದರೆ ಬೇರೆ ಕಾರಣ ಹುಡುಕಬೇಕು. ಮುಖ್ಯವಾದದ್ದು ಒಂದು ಗುಂಪಿನ ಆ್ಯಂಟಿಬಯೋಟಿಕ್: ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್. ಮೂತ್ರದ ಸೋಂಕಿಗೆ, ಹೊಟ್ಟೆಯ ಸೋಂಕಿಗೆ ಇವನ್ನು ಬಹಳ ಕೊಡುತ್ತಾರೆ. ಇವು ಟೆಂಡನ್‌ಗೆ ಹಾನಿ ಮಾಡಬಲ್ಲವು, ಹರಿಯುವಂತೆಯೂ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಈ ಬಗ್ಗೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿದೆ. 60 ದಾಟಿದವರಿಗೆ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಇವುಗಳಲ್ಲಿ ಯಾವುದನ್ನಾದರೂ ನುಂಗುತ್ತಿರುವಾಗ ಹಿಮ್ಮಡಿ ಹಿಂದೆ ನೋವು ಕಾಣಿಸಿದರೆ, ಮುಂದಿನ ಮಾತ್ರೆಗೆ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಕೋರ್ಸ್ ಮುಗಿದು ಕೆಲವು ತಿಂಗಳಾದ ಮೇಲೂ ನೋವು ಬರಬಹುದು, ಆದ್ದರಿಂದ ಹಳೆಯ ಚೀಟಿಗಳನ್ನೂ ನೋಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಟೆಂಡನ್ ಬೇಗ ಗಟ್ಟಿಯಾಗಿ ತೊಂದರೆ ಕೊಡುತ್ತದೆ. ಎರಡೂ ಕಡೆ ಟೆಂಡನ್ ದಪ್ಪಗಾಗಿದ್ದು ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ವಂಶದಿಂದ ಬರುವ ಅತಿ ಕೊಲೆಸ್ಟ್ರಾಲ್ ಇಲ್ಲಿ ಬಂದು ಕೂರುತ್ತದೆ. ಇನ್ನು ಪ್ರಾಯದವರಿಗೆ ಎರಡೂ ಹಿಮ್ಮಡಿಯ ಬುಡ ನೋವು, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿತ, ಜೊತೆಗೆ ರಾತ್ರಿ ಎಚ್ಚರಿಸುವ ಸೊಂಟನೋವು, ಸೋರಿಯಾಸಿಸ್ ಅಥವಾ ಆಗಾಗ ಕಣ್ಣು ಕೆಂಪಾಗುವುದು ಇದ್ದರೆ ಅದು ಸಂಧಿವಾತದ ಒಂದು ಬಗೆ ಇರಬಹುದು. ಇದಕ್ಕೆ ರುಮಟಾಲಜಿ ವೈದ್ಯರು ಬೇಕು.

ಮೊದಲ ಎರಡು ವಾರ: ಇಳಿಸಿ, ನಿಲ್ಲಿಸಬೇಡಿ

ಓಟ, ಜಿಗಿತ, ಘಟ್ಟ ಹತ್ತುವುದು, ಇವನ್ನು ಸದ್ಯಕ್ಕೆ ಬಿಡಿ. ನಡಿಗೆ, ಸೈಕಲ್, ಈಜು ಇರಲಿ. ಮೀನು ಮಾರುವ ಅಕ್ಕಂದಿರಿಗೆ ನಾನು ಬುಟ್ಟಿ ಬಿಡಿ ಎನ್ನುವುದಿಲ್ಲ, ಅದು ಆಗುವ ಮಾತೂ ಅಲ್ಲ. "ಅಕ್ಕಾ, ಒಂದೇ ಸಲ ತುಂಬಿ ಒಯ್ಯುವುದನ್ನು ಎರಡು ಸಲ ಮಾಡಿ, ಗುಡ್ಡದ ಮೇಲಿನ ಮನೆಗಳನ್ನು ಈ ತಿಂಗಳು ಬಿಡಿ" ಎನ್ನುತ್ತೇನೆ. ಅಷ್ಟೇ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಚಪ್ಪಲಿ ಬದಲಿಸಿ. ಸವೆದ ಹವಾಯಿ ಚಪ್ಪಲಿಯಲ್ಲಿ ಹಿಮ್ಮಡಿ ನೆಲಕ್ಕೆ ಅಂಟಿರುತ್ತದೆ. ಹಿಮ್ಮಡಿ ಕಡೆ ಸ್ವಲ್ಪ ಎತ್ತರ ಇರುವುದು ಬೇಕು. ಶೂ ಒಳಗೆ 10 ಮಿ.ಮೀ. ಆಸುಪಾಸಿನ ಗಟ್ಟಿ ಹಿಮ್ಮಡಿ ಪ್ಯಾಡ್ ಹಾಕಿಕೊಂಡರೂ ಸಾಕು. ಎರಡೂ ಕಾಲಿಗೆ ಹಾಕಿ, ಒಂದಕ್ಕೆ ಮಾತ್ರ ಹಾಕಿದರೆ ಸೊಂಟ ವಾಲುತ್ತದೆ. ಬುಡದ ನೋವಿನವರು ಹಿಂದೆ ಗಟ್ಟಿ ಅಂಚಿರುವ ಶೂ ಬಿಟ್ಟು ಹಿಂಭಾಗ ತೆರೆದ ಚಪ್ಪಲಿ ಹಾಕಿ.

ನೋವು ಹೆಚ್ಚಿರುವ ದಿನಗಳಲ್ಲಿ ಹೀಗೆ ಮಾಡಿ: ಗೋಡೆ ಹಿಡಿದು ಎರಡೂ ಕಾಲಿನ ತುದಿಯ ಮೇಲೆ ಅರ್ಧ ಎತ್ತರಕ್ಕೆ ಎದ್ದು 30ರಿಂದ 45 ಸೆಕೆಂಡು ಅಲ್ಲಾಡದೆ ನಿಲ್ಲಿ. ಒಂದೆರಡು ನಿಮಿಷ ಬಿಟ್ಟು ಮತ್ತೆ. ಇಂಥ ನಾಲ್ಕೈದು ಸಲ, ದಿನಕ್ಕೆ ಎರಡು ಹೊತ್ತು. ಐಸ್ ಇಟ್ಟರೆ ಹಿತ ಅನಿಸಿದರೆ ಇಡಿ. ಎಣ್ಣೆ ಹಚ್ಚುವುದಾದರೆ ಮೀನಖಂಡಕ್ಕೆ ಮೆಲ್ಲಗೆ ಹಚ್ಚಿ. ಟೆಂಡನ್ ಮೇಲೆ ಹೆಬ್ಬೆರಳು ಊರಿ ತಿಕ್ಕಿಸಬೇಡಿ.

ನೋವಿಗೆ ಅಂಕ ಕೊಡುವುದು ಕಲಿಯಿರಿ

ನೋವಿಲ್ಲದೆ ಈ ಚಿಕಿತ್ಸೆ ನಡೆಯುವುದಿಲ್ಲ. ನೋವಿಗೆ ಹೆದರಿ ನಿಲ್ಲಿಸುವವರೂ, ನೋವು ನುಂಗಿಕೊಂಡು ಮುನ್ನುಗ್ಗುವವರೂ ಇಲ್ಲೇ ಎಡವುತ್ತಾರೆ. 0 ಎಂದರೆ ನೋವೇ ಇಲ್ಲ, 10 ಎಂದರೆ ಸಹಿಸಲಾಗದ ನೋವು. ವ್ಯಾಯಾಮ ಮಾಡುವಾಗ 3, 4ರ ತನಕ ಬಂದರೆ ತೊಂದರೆ ಇಲ್ಲ. 5 ಗಡಿ, ಅದನ್ನು ದಾಟಬೇಡಿ.

ಅದಕ್ಕಿಂತ ಮುಖ್ಯ ಮರುದಿನ ಬೆಳಿಗ್ಗೆ. ಟೆಂಡನ್ ತಡವಾಗಿ ದೂರು ಕೊಡುತ್ತದೆ. ಇವತ್ತು ಜಾಸ್ತಿ ಮಾಡಿದ್ದು ಇವತ್ತೇ ಗೊತ್ತಾಗುವುದಿಲ್ಲ. ಎದ್ದ ಕೂಡಲೇ ಗೋಡೆ ಹಿಡಿದು ನೋವಿನ ಕಾಲಿನಲ್ಲಿ ಒಂದೇ ಒಂದು ಸಲ ತುದಿಗಾಲಿಗೆ ಎದ್ದು ಇಳಿಯಿರಿ. ಅದರ ಅಂಕವನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ನಿನ್ನೆ ಇದ್ದಷ್ಟೇ ಅಥವಾ ಕಡಿಮೆ ಇದ್ದರೆ ಇವತ್ತು ಅದೇ ಪ್ರಮಾಣ ಮುಂದುವರಿಸಿ. ಎರಡು ಅಂಕ ಏರಿದ್ದರೆ ವ್ಯಾಯಾಮವನ್ನು ಒಂದು ಹಂತ ಇಳಿಸಿ. ವಾರದಿಂದ ವಾರಕ್ಕೆ ಆ ಅಂಕಗಳು ಯಾವ ಕಡೆ ಹೋಗುತ್ತಿವೆ ಎಂದು ನೋಡಿ, ಒಂದು ದಿನದ ಏರಿಳಿತಕ್ಕೆ ಕಂಗಾಲಾಗಬೇಡಿ.

ಮುಖ್ಯ ವ್ಯಾಯಾಮ: ಹಿಮ್ಮಡಿ ಎತ್ತುವುದು, ಇಳಿಸುವುದು

ಇದರ ಹಿಂದೆ ಒಳ್ಳೆಯ ಕಥೆ ಇದೆ. ಸ್ವೀಡನ್ನಿನ ಮೂಳೆ ವೈದ್ಯ ಹಾಕನ್ ಆಲ್ಫ್ರೆಡ್ಸನ್ ಅವರಿಗೆ ಸ್ವತಃ ಈ ನೋವಿತ್ತು. ಆಪರೇಷನ್ ಮಾಡಿ ಎಂದರೆ ಅವರ ಮೇಲಿನ ವೈದ್ಯರು ಒಪ್ಪಲಿಲ್ಲ. ನೋವು ಹೆಚ್ಚಾದರೆ ಒಪ್ಪಿಯಾರು ಎಂದು ಅವರು ಟೆಂಡನ್ ಮೇಲೆ ಬೇಕೆಂದೇ ಭಾರ ಹಾಕತೊಡಗಿದರು. ನೋವು ಹೆಚ್ಚಾಗುವ ಬದಲು ಮಾಯವಾಯಿತು. 1998ರಲ್ಲಿ 15 ಮಂದಿ ಹವ್ಯಾಸಿ ಕ್ರೀಡಾಪಟುಗಳ ಮೇಲೆ 12 ವಾರ ಇದೇ ಕ್ರಮ ಪ್ರಯೋಗಿಸಿ ಅವರ ತಂಡ ಪ್ರಕಟಿಸಿತು. ಆ ಮೂಲ ಕ್ರಮದಲ್ಲಿ ದಿನಕ್ಕೆ 180 ಸಲ ಹಿಮ್ಮಡಿ ಇಳಿಸಬೇಕಿತ್ತು. ಅಷ್ಟು ಮಾಡಲು ಎಲ್ಲರಿಗೂ ಪುರುಸೊತ್ತು ಎಲ್ಲಿ? 2015ರಲ್ಲಿ ಡೆನ್ಮಾರ್ಕಿನವರು ಇನ್ನೊಂದು ದಾರಿ ತೋರಿಸಿದರು: ವಾರಕ್ಕೆ ಮೂರೇ ದಿನ, ಭಾರ ಹೆಚ್ಚು, ವೇಗ ಬಹಳ ನಿಧಾನ. ಫಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಕೆಲಸಕ್ಕೆ ಹೋಗುವವರಿಗೆ ನಾನು ಈ ಎರಡನೆಯದನ್ನೇ ಹೇಳುತ್ತೇನೆ.

ವೇಗದ ವಿಷಯದಲ್ಲಿ ರಾಜಿ ಬೇಡ. ಮೇಲೇರಲು ಮೂರು ಎಣಿಕೆ, ಕೆಳಗಿಳಿಯಲು ಮೂರು ಎಣಿಕೆ. ಬೇಗ ಬೇಗ ಕುಪ್ಪಳಿಸಿದರೆ ಟೆಂಡನ್ ಸ್ಪ್ರಿಂಗಿನ ಹಾಗೆ ಚಿಮ್ಮುತ್ತದೆ ಅಷ್ಟೇ, ಅದಕ್ಕೆ ಬೇಕಾದ ಎಳೆತ ಸಿಗುವುದಿಲ್ಲ.

ಮೊದಲ ಹಂತ ಸಮತಟ್ಟು ನೆಲದ ಮೇಲೆ. ಗೋಡೆಗೆ ಬೆರಳು ತಾಗಿಸಿ ನಿಲ್ಲಿ. ಎರಡೂ ಹಿಮ್ಮಡಿ ಎತ್ತಿ, ಇಳಿಸಿ. ಭಾರ ಹೆಬ್ಬೆರಳಿನ ಬುಡದ ಮೇಲೆ ಇರಲಿ, ಪಾದ ಹೊರಕ್ಕೆ ವಾಲಬಾರದು. 15 ಸಲ, ಒಂದೆರಡು ನಿಮಿಷ ವಿಶ್ರಾಂತಿ, ಒಟ್ಟು ಮೂರು ಸುತ್ತು. ಆಮೇಲೆ ಮಂಡಿಯನ್ನು ಸ್ವಲ್ಪ ಬಗ್ಗಿಸಿಕೊಂಡು ಇದನ್ನೇ ಇನ್ನು ಮೂರು ಸುತ್ತು. ಮಂಡಿ ನೇರ ಇದ್ದಾಗ ಮೇಲಿನ ಸ್ನಾಯು ದುಡಿಯುತ್ತದೆ, ಬಗ್ಗಿದಾಗ ಒಳಗಿನ ಸೋಲಿಯಸ್ ಸ್ನಾಯು. ಬಗ್ಗಿಸಿ ಮಾಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಓಡುವಾಗ ಹೆಚ್ಚು ಹೊರೆ ಹೊರುವುದು ಆ ಸೋಲಿಯಸ್ಸೇ. ಈ ಹಂತದಲ್ಲಿ ದಿನಾ ಮಾಡಬಹುದು.

ಬೆಳಗಿನ ಅಂಕ ಏರದೆ ಒಂದೆರಡು ವಾರ ಕಳೆದರೆ ಎರಡನೇ ಹಂತ. ಎರಡೂ ಕಾಲಲ್ಲಿ ಎದ್ದು, ಒಳ್ಳೆಯ ಕಾಲನ್ನು ತೆಗೆದು, ನೋವಿನ ಕಾಲೊಂದರಲ್ಲೇ ಇಳಿಯಿರಿ. ಅದು ಹಗುರಾದ ಮೇಲೆ ಹತ್ತುವುದನ್ನೂ ಅದೇ ಕಾಲಲ್ಲಿ ಮಾಡಿ. ಇಲ್ಲಿಂದ ಮುಂದೆ ದಿನ ಬಿಟ್ಟು ದಿನ.

ಮೂರನೇ ಹಂತ ಮೆಟ್ಟಿಲಿನ ಅಂಚಿನಲ್ಲಿ, ಇದು ನಡುಭಾಗದ ನೋವಿನವರಿಗೆ ಮಾತ್ರ. ಪಾದದ ಮುಂಭಾಗ ಮೆಟ್ಟಿಲ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಮೇಲೇರಿ, ನಿಧಾನವಾಗಿ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗಿಳಿಯಿರಿ. ಮಳೆಗಾಲದಲ್ಲಿ ಅಂಗಳದ ಚಿರೆಕಲ್ಲಿನ ಮೆಟ್ಟಿಲು ಹಾವಸೆ ಕಟ್ಟಿ ಜಾರುತ್ತದೆ. ಆಗ ಒಳಗಿನ ಹೊಸಿಲು ಅಥವಾ ಅಲ್ಲಾಡದ ದಪ್ಪ ಮಣೆ ಬಳಸಿ, ಗೋಡೆ ಕೈಗೆ ಸಿಗುವಂತಿರಲಿ.

ಆಮೇಲೆ ಭಾರ. ಜಿಮ್ ಬೇಕಿಲ್ಲ. ಮಕ್ಕಳ ಹಳೇ ಶಾಲೆ ಬ್ಯಾಗಿಗೆ 5 ಕೆ.ಜಿ. ಅಕ್ಕಿ ಹಾಕಿ ಬೆನ್ನಿಗೇರಿಸಿ. ಭಾರ ಏರಿದ ಹಾಗೆ ಸಂಖ್ಯೆ ಇಳಿಸಿ: 15ರಿಂದ 12ಕ್ಕೆ, 10ಕ್ಕೆ, ಕೊನೆಗೆ 8ಕ್ಕೆ. ಕೊನೆಯ ಒಂದೆರಡು ಸಲ ನಿಜವಾಗಿಯೂ ಕಷ್ಟ ಆಗಬೇಕು. ಆರಾಮವಾಗಿ ಮುಗಿದರೆ ಭಾರ ಸಾಲದು ಎಂದರ್ಥ. 10 ಕೆ.ಜಿ., 15 ಕೆ.ಜಿ. ತನಕ ಹೋಗಲು ಹಿಂಜರಿಯಬೇಡಿ. ಅಡುಗೆಮನೆಯಲ್ಲಿ ಅಕ್ಕಿ ಬೇಯುವಷ್ಟು ಹೊತ್ತಿನಲ್ಲಿ ಒಂದು ಪಾಳಿ ಮುಗಿಯುತ್ತದೆ. ಹೆಂಗಸರಿಗೆ ಪ್ರತ್ಯೇಕ ಸಮಯ ಸಿಗುವುದಿಲ್ಲ ಎಂಬುದು ನನಗೆ ಗೊತ್ತು, ಅದಕ್ಕೇ ಈ ಸಮಯ ಹೇಳುತ್ತಿದ್ದೇನೆ.

ಕಡಿಮೆ ಎಂದರೆ 12 ವಾರ. ಆರನೇ ವಾರದ ಹೊತ್ತಿಗೆ "ಏನೂ ಆಗ್ತಾ ಇಲ್ಲ" ಎಂದು ಬೇಸರ ಬರುತ್ತದೆ. ಹೆಚ್ಚಿನವರು ಬಿಡುವುದು ಆಗಲೇ. ಕ್ಯಾಲೆಂಡರ್ ತೆಗೆದು ಮೊದಲ ವಾರದ ಅಂಕ ನೋಡಿ.

ಬುಡದ ನೋವಿನವರು ಏನು ಬದಲಿಸಬೇಕು

ಹಿಮ್ಮಡಿಯನ್ನು ನೆಲದ ಮಟ್ಟಕ್ಕಿಂತ ಕೆಳಗೆ ಇಳಿಸಬೇಡಿ. ಇದೊಂದೇ ದೊಡ್ಡ ನಿಯಮ. ಕೆಳಗಿಳಿದಾಗ ಟೆಂಡನ್ ಮೂಳೆಗೆ ಒತ್ತಿಕೊಳ್ಳುತ್ತದೆ, ನೋವು ಏರುತ್ತದೆ. ಆದ್ದರಿಂದ ಮೆಟ್ಟಿಲಿನ ಹಂತ ನಿಮಗಿಲ್ಲ, ಎಲ್ಲ ಭಾರವೂ ನೆಲದ ಮೇಲೆಯೇ. ಶುರುವಿನಲ್ಲಿ ಹಿಮ್ಮಡಿ ಅಡಿಗೆ ಮಡಚಿದ ಟವೆಲ್ ಇಟ್ಟುಕೊಂಡು ಅದರ ಮೇಲೆ ಇಳಿಸಿದರೂ ಆಗುತ್ತದೆ.

ಗೋಡೆಗೆ ಕೈ ಊರಿ ಮೀನಖಂಡ ಎಳೆಯುವ ಸ್ಟ್ರೆಚಿಂಗ್ ಬಿಡಿ. ಆ ಕ್ಷಣ ಹಿತ ಅನಿಸುತ್ತದೆ, ಮರುದಿನ ನೋವು ಬರುತ್ತದೆ. ಕುಕ್ಕರಗಾಲಿನಲ್ಲಿ ಕೂತು ಮೀನು ಕೊಯ್ಯುವುದು, ಪಾತ್ರೆ ತಿಕ್ಕುವುದು, ಕಳೆ ಕೀಳುವುದು, ಇದೆಲ್ಲ ಅದೇ ಒತ್ತು. ಗಿಡ್ಡ ಸ್ಟೂಲು ಅಥವಾ ಮಣೆ ಬಳಸಿ. ಬೇರೆ ದಾರಿಯೇ ಇಲ್ಲದಿದ್ದರೆ ಹಿಮ್ಮಡಿ ಅಡಿಗೆ ಒಂದು ಹಲಗೆ ತುಂಡು ಇಟ್ಟುಕೊಳ್ಳಿ. ಕೊನೆಗೌಡರು ನೋವು ಇಳಿಯುವ ತನಕ ಮರ ಹತ್ತುವುದು ಬಿಟ್ಟು ಉದ್ದ ದೋಟಿಯಿಂದ ಆಗುವ ಕೆಲಸ ಅಥವಾ ನೆಲದ ಕೆಲಸ ಕೇಳಿ ಪಡೆಯಬೇಕು. ತೋಟದ ಯಜಮಾನರೂ ಇದನ್ನು ಅರ್ಥ ಮಾಡಿಕೊಳ್ಳಬೇಕು. ಬುಡದ ನೋವು ವಾಸಿಯಾಗಲು ನಡುಭಾಗಕ್ಕಿಂತ ಹೆಚ್ಚು ತಾಳ್ಮೆ ಬೇಕು.

ಓಟಕ್ಕೆ, ಕುಣಿತಕ್ಕೆ, ಘಟ್ಟಕ್ಕೆ ಮರಳುವಾಗ

ಒಂದೇ ಕಾಲಲ್ಲಿ 20ಕ್ಕೂ ಹೆಚ್ಚು ಸಲ ಪೂರ್ತಿ ಎತ್ತರಕ್ಕೆ ಎದ್ದು ಇಳಿಯಲು ಬಂದು, ನೋವು 2ರ ಒಳಗಿದ್ದರೆ ಮುಂದಿನ ಬಾಗಿಲು ತೆರೆದಿದೆ. ಮೊದಲು ಎರಡು ಕಾಲಲ್ಲಿ ಸಣ್ಣ ಜಿಗಿತ, ಆಮೇಲೆ ಒಂದು ಕಾಲಲ್ಲಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರೇಳು ಸುತ್ತು.

ಎರಡು ಓಟಗಳ ನಡುವೆ ಎರಡು ದಿನ ಬಿಡಿ. ಜೋರಿನ ಭಾರ ಬಿದ್ದ ಮೊದಲ ಒಂದೂವರೆ ದಿನ ಟೆಂಡನ್‌ನಲ್ಲಿ ಕಟ್ಟುವುದಕ್ಕಿಂತ ಕಳಚುವ ಕೆಲಸ ಹೆಚ್ಚು ನಡೆಯುತ್ತದೆ, ಕಟ್ಟುವುದು ಆಮೇಲೆ. ಭರ್ತಿಗೆ ಓಡುವ ಹುಡುಗರು "ಮೇಡಂ, ದಿನಾ ಓಡದಿದ್ದರೆ ಟೈಮಿಂಗ್ ಹೋಗ್ತದೆ" ಎನ್ನುತ್ತಾರೆ. ಹೋಗುವುದಿಲ್ಲ. ನಡುವಿನ ದಿನ ಸೈಕಲ್ ಹೊಡೆದರೆ ದಮ್ಮು ಉಳಿಯುತ್ತದೆ. ಮೊದಲು ದೂರ ಹೆಚ್ಚಿಸಿ, ವೇಗ ಆಮೇಲೆ, ಏರು ಕೊನೆಗೆ. ಸದಾಶಿವಗಡ ಹತ್ತುವುದು, ಯಾಣದ ಮೆಟ್ಟಿಲು, ಇವೆಲ್ಲ ಕೊನೆಗೆ. ವ್ಯಾಯಾಮವನ್ನು ಈ ಹೊತ್ತಿನಲ್ಲೂ ವಾರಕ್ಕೆ ಎರಡು ದಿನ ಬಿಡದೆ ಮಾಡಿ.

ಎಲ್ಲಿ ಖರ್ಚು ಮಾಡಬೇಡಿ

ಸುಮ್ನೆ ಎಂಆರ್‌ಐ ಮಾಡಿಸಬೇಡಿ. ನೋವೇ ಇಲ್ಲದವರ ಟೆಂಡನ್‌ನಲ್ಲೂ ಸ್ಕ್ಯಾನಿನಲ್ಲಿ ಬದಲಾವಣೆ ಕಾಣುತ್ತದೆ. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಗೆ ಮುಳ್ಳು ಬೆಳೆದಿದೆ ಎಂದರೂ ಗಾಬರಿ ಬೇಡ, ಮುಳ್ಳು ಇದ್ದೂ ನೋವಿಲ್ಲದೆ ಓಡಾಡುವವರು ಬೇಕಾದಷ್ಟಿದ್ದಾರೆ. ಹರಿದಿರುವ ಅನುಮಾನ ಇದ್ದಾಗ ಅಥವಾ ಮೂರು ತಿಂಗಳ ಸರಿಯಾದ ವ್ಯಾಯಾಮಕ್ಕೂ ಜಗ್ಗದಿದ್ದಾಗ ಸ್ಕ್ಯಾನ್ ಉಪಯೋಗಕ್ಕೆ ಬರುತ್ತದೆ.

ಟೆಂಡನ್ ಒಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಡ. ನೋವು ಬೇಗ ಇಳಿದರೂ ಟೆಂಡನ್ ದುರ್ಬಲವಾಗಿ ಹರಿಯುವ ಅಪಾಯ ಇದೆ. ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಇಂಜೆಕ್ಷನ್‌ಗೆ ಸಾವಿರಗಟ್ಟಲೆ ಖರ್ಚು ಬರುತ್ತದೆ. ನಡುಭಾಗದ ನೋವಿನ ಮೇಲೆ ನಡೆದ, 2010ರಲ್ಲಿ ಮತ್ತು 2021ರಲ್ಲಿ ಪ್ರಕಟವಾದ ಎರಡು ಒಳ್ಳೆಯ ಅಧ್ಯಯನಗಳಲ್ಲಿ ಅದು ಔಷಧವಿಲ್ಲದ ಹುಸಿ ಇಂಜೆಕ್ಷನ್‌ಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ನರದ ಶಕ್ತಿಗೆ ಎಂದು ಕೊಡುವ ವಿಟಮಿನ್ ಮಾತ್ರೆಗಳಿಂದ ಟೆಂಡನ್‌ಗೆ ಏನೂ ಆಗುವುದಿಲ್ಲ. ಖರ್ಚು ಮಾಡುವುದೇ ಆದರೆ ಒಳ್ಳೆಯ ಚಪ್ಪಲಿಗೆ ಮಾಡಿ, ಒಮ್ಮೆ ಫಿಸಿಯೋಥೆರಪಿಸ್ಟ್ ಎದುರು ನಿಂತು ವ್ಯಾಯಾಮ ಸರಿಯಾಗಿದೆಯೇ ಎಂದು ತೋರಿಸಿಕೊಳ್ಳಲು ಮಾಡಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಶಿರಸಿಯ ಪಂಡಿತ ಆಸ್ಪತ್ರೆ ಸರ್ಕಾರಿಯವು. ಮೊದಲು ಅಲ್ಲಿ ವಿಚಾರಿಸಿ. ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ ಹೊರಗಿನಿಂದ ಒತ್ತಡದ ಅಲೆ ಹಾಯಿಸುವ ಶಾಕ್‌ವೇವ್ ಎಂಬ ಚಿಕಿತ್ಸೆ ಕೆಲವರಿಗೆ ನೆರವಾಗುತ್ತದೆ, ವ್ಯಾಯಾಮದ ಜೊತೆಗೆ.

ಮುಂದಿನ ಸೀಸನ್ನಿಗೆ ಮುಂಚೆ

ನೋವು ಹೋದ ಮೇಲೆ ವ್ಯಾಯಾಮ ಬಿಟ್ಟರೆ ಮರುವರ್ಷ ಅದೇ ತಿಂಗಳಿಗೆ ನೋವು ಮರಳಬಹುದು. ಕೆಲಸ ಇಲ್ಲದ ದಿನಗಳಲ್ಲೇ ಟೆಂಡನ್ ಸಿದ್ಧ ಮಾಡಿಕೊಳ್ಳಬೇಕು. ಬಂದರಿನಲ್ಲಿ ದುಡಿಯುವವರು ಜೂನ್ ಕೊನೆಯಿಂದ ವಾರಕ್ಕೆ ಮೂರು ದಿನ ಹಿಮ್ಮಡಿ ಎತ್ತುವುದನ್ನು ಶುರು ಮಾಡಿ. ಮೇಳದವರು ಚೌತಿ ಹಬ್ಬದ ಹೊತ್ತಿಗೆ ಶುರು ಮಾಡಿ, ಕೊನೆಯ ಎರಡು ವಾರ ಜಿಗಿತವನ್ನೂ ಸೇರಿಸಿ. ಕೊನೆಗೌಡರಿಗೆ ನವರಾತ್ರಿಯ ಆಸುಪಾಸು ಸರಿಯಾದ ಸಮಯ. ಬೇಡರ ವೇಷದವರು ಹೋಳಿಗೆ ಎಂಟು ವಾರ ಇರುವಾಗ ಶುರು ಮಾಡಿ, ಮೊದಲ ತಿಂಗಳು ವೇಷವಿಲ್ಲದೆ, ಮಣ್ಣಿನ ಅಂಗಳದಲ್ಲಿ. ಭಾರದ ವೇಷ ಕಟ್ಟುವುದು ಆಮೇಲೆ.